ಗುಡ್ಡದ ಮೇಲೆ ಮಾತ್ರ ಸುಮ್ಮನಾಗುವ ಸಾಕೆಟ್

ಚಿತ್ರದುರ್ಗದಿಂದ ಒಬ್ಬ ಇಂಜಿನಿಯರ್ ಬರೆದಿದ್ದಾರೆ. ಅವರದು ಸಣ್ಣ ತಂಡ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲಿನ ವಿಂಡ್‌ಮಿಲ್‌ಗಳಿಂದ ರೀಡಿಂಗ್ ತರಿಸಿಕೊಳ್ಳುವ ಗೇಟ್‌ವೇ ಪೆಟ್ಟಿಗೆಗಳಿಗಾಗಿ ಸಿ ಭಾಷೆಯಲ್ಲಿ ಒಂದು ಅಸಿಂಕ್ರೊನಸ್ (ಒಂದೇ ಕನೆಕ್ಷನ್‌ಗೆ ಕಾಯುತ್ತಾ ನಿಲ್ಲದೇ ಹಲವನ್ನು ಒಟ್ಟಿಗೆ ನೋಡಿಕೊಳ್ಳುವ) ನೆಟ್‌ವರ್ಕ್ ಲೈಬ್ರರಿ ಬರೆದುಕೊಂಡಿದ್ದಾರೆ. ಒಳಗಿರುವುದು ಲಿನಕ್ಸ್‌ನ ಇಪೋಲ್, ಅಂದರೆ ಯಾವ ಸಾಕೆಟ್‌ನಲ್ಲಿ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಕೆಲಸ ಇದೆ ಅಂತ ಈವೆಂಟ್ ಕೊಟ್ಟು ತಿಳಿಸುವ ವ್ಯವಸ್ಥೆ, ಅದೂ ಎಡ್ಜ್ ಟ್ರಿಗರ್ಡ್, ಒಂದೇ ಸಲ ತಿಳಿಸುವ ಬಗೆ. ಅವರ ಪ್ರಶ್ನೆ ಹೀಗಿದೆ: "ಆಫೀಸಿನಲ್ಲಿ ಎಲ್ಲ ಟೆಸ್ಟ್ ಪಾಸ್ ಆಗುತ್ತವೆ. ಗುಡ್ಡದ ಮೇಲೆ ಮಾತ್ರ ಆಗಾಗ ಒಂದು ಕನೆಕ್ಷನ್ ಸುಮ್ಮನಾಗಿಬಿಡುತ್ತದೆ. ಎರರ್ ಇಲ್ಲ, ಲಾಗ್ ಇಲ್ಲ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಎಡ್ಜ್ ಟ್ರಿಗರ್‌ಗೆ ನಮ್ಮಲ್ಲಿರುವುದು ಒಂದೇ ಟೆಸ್ಟ್ ಸರ್. ಸಾಕೆಟ್ ಜೋಡಿ ಮಾಡಿ, ಒಂದಿಷ್ಟು ಬೈಟ್ ಬರೆದು, ಒಂದೇ ಬೈಟ್ ಓದಿ, ಎರಡನೇ ಸಲ ಈವೆಂಟ್ ಬರಲಿಲ್ಲ ಅಂತ ನೋಡುತ್ತೇವೆ. ಇಷ್ಟು ಸಾಕಾ?"

ಸಾಲದು. ಆ ಟೆಸ್ಟ್ ತಪ್ಪಲ್ಲ, ತೆಗೆದುಹಾಕಬೇಡಿ. ಆದರೆ ಅದು ಪರೀಕ್ಷಿಸುತ್ತಿರುವುದು ಕರ್ನಲ್ ಅನ್ನು, ಅಂದರೆ ಲಿನಕ್ಸ್‌ನ ಒಳತಿರುಳನ್ನು. ಇಪೋಲ್ ಎಡ್ಜ್ ಟ್ರಿಗರ್ ಮೋಡ್‌ನಲ್ಲಿ ಒಂದೇ ಸಲ ಹೇಳುತ್ತದೆ ಅನ್ನುವುದು 2002ರಲ್ಲಿ ಲಿನಕ್ಸ್ 2.5.44ಕ್ಕೆ ಅದು ಸೇರಿದ ಕಾಲದಿಂದಲೂ ಗೊತ್ತಿರುವ ವಿಷಯ. ನಿಮ್ಮ ಲೈಬ್ರರಿ ಅದರ ಮೇಲೆ ಕೂತು ತನ್ನ ಬಳಕೆದಾರರಿಗೆ ಕೊಡುವ ಮಾತು ಬೇರೆ: ಬಂದ ಬೈಟ್ ಯಾವುದೂ ಬಫರ್‌ನಲ್ಲಿ (ಓದುವ ತನಕ ಡೇಟಾ ಕೂರುವ ಜಾಗ) ಸಿಕ್ಕಿಕೊಂಡು ಉಳಿಯುವುದಿಲ್ಲ, ಡೇಟಾ ಹೇಗೇ ಬರಲಿ, ಯಾವಾಗಲೇ ಬರಲಿ. ಟೆಸ್ಟ್ ಆಗಬೇಕಿರುವುದು ಆ ಮಾತು.

ಈ ವಿಷಯ ಹೊಸದಾಗಿರುವವರಿಗೆ ಎರಡು ಸಾಲು. ಬೀದಿ ನಲ್ಲಿಗೆ ನೀರು ಬಂದಾಗ ಪಕ್ಕದ ಮನೆಯವರು ಒಂದೇ ಸಲ "ನೀರು ಬಂತು" ಅಂತ ಕೂಗಿ ಒಳಗೆ ಹೋದರೆ ಅದು ಎಡ್ಜ್ ಟ್ರಿಗರ್. ನೀರು ಇರುವಷ್ಟು ಹೊತ್ತೂ ಕೂಗುತ್ತಲೇ ಇದ್ದರೆ ಅದು ಲೆವೆಲ್ ಟ್ರಿಗರ್. ಮೊದಲನೆಯದರಲ್ಲಿ ಕೂಗು ಕೇಳಿದ ಮೇಲೆ ಇರುವ ಕೊಡ ಎಲ್ಲ ತುಂಬಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ. ಅಂದರೆ ರೀಡ್ ಮಾಡುತ್ತಾ ಹೋಗಬೇಕು, ಈ-ಎಗೇನ್ (EAGAIN, ಸದ್ಯಕ್ಕೆ ಆಗದು, ಆಮೇಲೆ ಬಾ ಅನ್ನುವ ಕರ್ನಲ್‌ನ ಉತ್ತರ) ಬರುವ ತನಕ. ಇಪೋಲ್‌ನ ಮ್ಯಾನ್ ಪುಟದಲ್ಲೇ (ಲಿನಕ್ಸ್‌ನ ಕೈಪಿಡಿ) ಇದರ ಉದಾಹರಣೆ ಇದೆ: ಪೈಪ್‌ಗೆ (ಪ್ರೋಗ್ರಾಂಗಳ ನಡುವೆ ಡೇಟಾ ಸಾಗಿಸುವ ಕೊಳವೆ) 2 ಕೆಬಿ ಬರೆದು 1 ಕೆಬಿ ಮಾತ್ರ ಓದಿ ಮತ್ತೆ ವೇಟ್‌ಗೆ ಹೋದರೆ, ಉಳಿದ 1 ಕೆಬಿ ಅಲ್ಲೇ ಇದ್ದರೂ ಪ್ರೋಗ್ರಾಂ ಮಲಗಿಬಿಡಬಹುದು. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್, ಗೋ ಭಾಷೆಯ ರನ್‌ಟೈಮ್, ರಸ್ಟ್ ಭಾಷೆಯ ಟೋಕಿಯೋ ಲೈಬ್ರರಿ ಎಲ್ಲವೂ ಲಿನಕ್ಸ್‌ನಲ್ಲಿ ಎಡ್ಜ್ ಟ್ರಿಗರನ್ನೇ ಬಳಸುತ್ತವೆ. ಲಿಬ್‌ಯುವಿ ಅನ್ನುವ ಲೈಬ್ರರಿ ಲೆವೆಲ್ ಟ್ರಿಗರ್‌ನಲ್ಲೇ ಉಳಿದಿದೆ. ಎರಡೂ ಚೆನ್ನಾಗಿ ನಡೆಯುತ್ತವೆ. ಆದರೆ ಎಡ್ಜ್ ಟ್ರಿಗರ್ ಆರಿಸಿಕೊಂಡರೆ ಟೆಸ್ಟ್ ಬರೆಯುವ ಕೆಲಸ ಜಾಸ್ತಿ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಟೆಸ್ಟ್ ಬರೆಯುವ ಮೊದಲು ಗುಡ್ಡದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಕೆಲಸ ಮಾಡಿ. ಕನೆಕ್ಷನ್ ಸುಮ್ಮನಾದಾಗ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಸಾಕೆಟ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ (ss) ಕಮಾಂಡ್ ಓಡಿಸಿ ಆ ಸಾಕೆಟ್‌ನ ರಿಸೀವ್ ಕ್ಯೂ, ಅಂದರೆ ಬಂದರೂ ಇನ್ನೂ ಓದದೇ ಉಳಿದ ಬೈಟ್ ಎಷ್ಟು ಅಂತ ನೋಡಿ. ಅಲ್ಲಿ ಸೊನ್ನೆಗಿಂತ ಜಾಸ್ತಿ ಸಂಖ್ಯೆ ಇದ್ದು, ಅದು ಕರಗದೇ ಹಾಗೇ ನಿಂತಿದ್ದು, ಸ್ಟ್ರೇಸ್ (strace, ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿದರೆ ನಿಮ್ಮ ಪ್ರೋಸೆಸ್ ಇಪೋಲ್ ವೇಟ್‌ನಲ್ಲಿ ಮಲಗಿದ್ದರೆ, ಈವೆಂಟ್ ಕಳೆದುಹೋಗಿದೆ ಅಂತ ಹೆಚ್ಚುಕಡಿಮೆ ಖಚಿತ. ಕ್ಯೂ ಸೊನ್ನೆ ಇದ್ದರೆ ಕಥೆ ಬೇರೆ. ಮೊಬೈಲ್ ಸಿಗ್ನಲ್ ಬಿದ್ದು ಆ ಕಡೆಯವರು ಹೇಳದೇ ಕೇಳದೇ ಹೋಗಿರಬಹುದು. ಆಗ ಟಿಸಿಪಿ ಕೀಪ್‌ಅಲೈವ್ ಬೇಕು, ಅಂದರೆ ಆ ಕಡೆಯವರು ಇನ್ನೂ ಇದ್ದಾರಾ ಅಂತ ಪ್ರೋಬ್ ಪ್ಯಾಕೆಟ್ ಕಳಿಸಿ ನೋಡುವುದು. ಅದು ತಾನಾಗಿ ಆನ್ ಇರುವುದಿಲ್ಲ, ಆನ್ ಮಾಡಿದರೂ ಲಿನಕ್ಸ್‌ನ ಡೀಫಾಲ್ಟ್‌ನಲ್ಲಿ ಮೊದಲ ಪ್ರೋಬ್ ಹೋಗುವುದೇ 7200 ಸೆಕೆಂಡ್ ಆದ ಮೇಲೆ. ಈ ಎರಡು ರೋಗಕ್ಕೆ ಹೊರಗಿನ ಲಕ್ಷಣ ಒಂದೇ, ಔಷಧಿ ಮಾತ್ರ ಪೂರ್ತಿ ಬೇರೆ. ಅದಕ್ಕೇ ಮೊದಲು ಇದನ್ನು ನೋಡಿ ಅಂದಿದ್ದು.

ಈಗ ರಿಸೀವ್ ಕ್ಯೂನಲ್ಲಿ ಡೇಟಾ ಸಿಕ್ಕಿಕೊಂಡಿದೆ ಅಂತಲೇ ಇಟ್ಟುಕೊಳ್ಳೋಣ. ಆಫೀಸಿನ ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ನನಗೆ ಈ ಪ್ರಶ್ನೆಯಲ್ಲಿ ಇದೇ ಮುಖ್ಯ ಅನಿಸಿತು.

ಖಾಲಿಯಿಂದ ತುಂಬಿದ ಸ್ಥಿತಿಗೆ ಬಂದಾಗ ಮಾತ್ರ ಈವೆಂಟ್ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಟಿಸಿಪಿ ಸಾಕೆಟ್‌ನಲ್ಲಿ ನಿಜವಾಗಿ ನಡೆಯುವುದು ಹಾಗಲ್ಲ. ಬಫರ್‌ನಲ್ಲಿ ಹಳೆಯದು ಉಳಿದಿದ್ದರೂ, ಹೊಸ ಡೇಟಾ ಬಂದಾಗಲೆಲ್ಲ ಕರ್ನಲ್ ಮತ್ತೆ ಎಬ್ಬಿಸುತ್ತದೆ. ಇದರ ಪರಿಣಾಮ ನೋಡಿ. ನಿಮ್ಮ ಲೈಬ್ರರಿ ಬಫರ್ ಖಾಲಿ ಮಾಡದೇ ಅರ್ಧಕ್ಕೆ ಬಿಟ್ಟುಬಂದಿದೆ ಅಂದುಕೊಳ್ಳಿ. ಆಫೀಸಿನ ಟೆಸ್ಟ್‌ನಲ್ಲಿ ಕ್ಲೈಂಟ್ ಕೂಡಲೇ ಇನ್ನೊಂದು ಮೆಸೇಜ್ ಕಳಿಸುತ್ತದೆ, ಹೊಸ ಈವೆಂಟ್ ಬರುತ್ತದೆ, ಹಳೆಯದೂ ಹೊಸದೂ ಒಟ್ಟಿಗೆ ಓದಿ ಆಗುತ್ತದೆ, ಟೆಸ್ಟ್ ಪಾಸ್. ತಪ್ಪು ಅಲ್ಲೇ ಇದೆ, ಮುಂದಿನ ಪ್ಯಾಕೆಟ್ ಬಂದು ಅದನ್ನು ಮುಚ್ಚಿಹಾಕುತ್ತಿದೆ ಅಷ್ಟೇ. ಗುಡ್ಡದ ಮೇಲೆ ಏನಾಗುತ್ತದೆ? ಸಿಗ್ನಲ್ ಬಿದ್ದು ಎದ್ದಾಗ ತಡೆದು ನಿಂತಿದ್ದ ರೀಡಿಂಗ್‌ಗಳೆಲ್ಲ ಒಂದೇ ಸಲ ಬಂದು ಬೀಳುತ್ತವೆ, ಆಮೇಲೆ ಆ ಕಡೆಯ ಪೆಟ್ಟಿಗೆ ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ನೀವು ಅದರ ಡೇಟಾಗೆ ಕಾಯುತ್ತೀರಿ, ಅದು ನಿಮ್ಮ ಉತ್ತರಕ್ಕೆ ಕಾಯುತ್ತದೆ, ಡೇಟಾ ನಿಮ್ಮ ಕರ್ನಲ್‌ನಲ್ಲೇ ಇದೆ.

ಹಾಗಾಗಿ ಓದುವ ಕಡೆಯ ಟೆಸ್ಟ್‌ಗೆ ಒಂದೇ ನಿಯಮ. ಬರೆಯುವುದನ್ನೆಲ್ಲ ಲೂಪ್ (ಈವೆಂಟ್‌ಗೆ ಕಾದು, ಕೆಲಸ ಮಾಡಿ, ಮತ್ತೆ ಕಾಯುವ ಲೈಬ್ರರಿಯ ಸುತ್ತು) ಶುರುವಾಗುವ ಮೊದಲೇ ಬರೆದು ಮುಗಿಸಿ, ಆಮೇಲೆ ಒಂದು ಬೈಟ್ ಕೂಡ ಬರೆಯಬೇಡಿ. ಸಾಕೆಟ್‌ಪೇರ್ (ಒಂದಕ್ಕೊಂದು ಜೋಡಿಸಿದ ಎರಡು ಸಾಕೆಟ್) ಮಾಡಿ, ಒಂದು ತುದಿಗೆ 64 ಕೆಬಿ ಹಾಕಿ, ಲೈಬ್ರರಿಯ ಓದುವ ಬಫರ್ 100 ಬೈಟ್ ಅಂತ ಇಟ್ಟು, ಲೂಪ್ ಓಡಿಸಿ. 65536 ಬೈಟ್ ಪೂರ್ತಿ ಕಾಲ್‌ಬ್ಯಾಕ್‌ಗೆ (ಡೇಟಾ ಬಂದಾಗ ಲೈಬ್ರರಿ ಕರೆಯುವ ಬಳಕೆದಾರರ ಫಂಕ್ಷನ್) ತಲುಪಬೇಕು. ಓದುವ ಬಫರ್ ಗಾತ್ರವನ್ನು 1, 7, 4095, 4096, 4097 ಅಂತ ಬದಲಿಸಿ ಮತ್ತೆ ಓಡಿಸಿ. ಬಫರ್ ಗಾತ್ರ ಮತ್ತು ಡೇಟಾ ಗಾತ್ರ ಸರಿಯಾಗಿ ಒಂದೇ ಇರುವ ಒಂದು ಸಲವನ್ನು ಬಿಡಬೇಡಿ. ಕೇಳಿದಷ್ಟೇ ಬಂತು, ಹಾಗಾದರೆ ಇನ್ನೂ ಇದೆಯೋ ಇಲ್ಲವೋ ಅನ್ನುವ ಲೆಕ್ಕ ತಪ್ಪುವುದು ಅಲ್ಲೇ. ಸಾಕೆಟನ್ನು ಇಪೋಲ್‌ಗೆ ಸೇರಿಸುವ ಮೊದಲೇ ಡೇಟಾ ಬಂದಿರುವ ಟೆಸ್ಟ್ ಇರಲಿ, ಸೇರಿಸಿದ ಮೇಲೆ ಬರುವ ಟೆಸ್ಟ್ ಕೂಡ ಇರಲಿ. ಕರ್ನಲ್ ಎರಡಕ್ಕೂ ಈವೆಂಟ್ ಕೊಡುತ್ತದೆ. ಎಡವುವುದು ಏನಿದ್ದರೂ ನಿಮ್ಮ ಲೈಬ್ರರಿ.

ಪೈಪ್‌ಗೂ ಇದೇ ಲೂಪ್ ಬಳಸುತ್ತೀರಾದರೆ ಒಂದು ಹಳೆಯ ಸಂಗತಿ ನೆನಪಿರಲಿ. ಲಿನಕ್ಸ್ 5.5ರಲ್ಲಿ ಪೈಪ್ ಕೋಡ್ ಬದಲಾದಾಗ, ಪೈಪ್ ಖಾಲಿ ಇಲ್ಲದಿದ್ದರೆ ಹೊಸ ಬರಹಕ್ಕೆ ಓದುಗರನ್ನು ಎಬ್ಬಿಸುವುದು ನಿಂತಿತು. ಹಳೆಯ ನಡವಳಿಕೆಯನ್ನೇ ನಂಬಿಕೊಂಡಿದ್ದ ಆಂಡ್ರಾಯ್ಡ್ ಕಡೆಯ ಲೈಬ್ರರಿ ಕೆಟ್ಟುಹೋಯಿತು. 2021ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಮತ್ತೆ ಮೊದಲಿನಂತೆ ಮಾಡಿದರು. ಮುಂದಿನ ಪ್ಯಾಕೆಟ್ ಬಂದು ಕಾಪಾಡುತ್ತದೆ ಅಂತ ನಂಬಿ ಕೋಡ್ ಬರೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಿಮ್ಮ ಗೇಟ್‌ವೇ ಯಾವ ಕರ್ನಲ್ ಮೇಲಿದೆಯೋ ಅದರ ಮೇಲೆಯೇ ಟೆಸ್ಟ್ ಓಡಿಸಿ, ಲ್ಯಾಪ್‌ಟಾಪ್‌ನ ಹೊಸ ಕರ್ನಲ್ ಮೇಲೆ ಮಾತ್ರ ಅಲ್ಲ.

ಇನ್ನು ಕನೆಕ್ಷನ್ ಮುಚ್ಚುವುದು. ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬಂದರೆ ಬಫರ್ ಖಾಲಿಯಾಗಿದೆ ಅಂತ ಅರ್ಥ, ಇನ್ನೊಂದು ರೀಡ್ ಕಾಲ್ ಉಳಿಸಬಹುದು ಅಂತ ಮ್ಯಾನ್ ಪುಟವೂ ಹೇಳುತ್ತದೆ. ಡೇಟಾ ಮಟ್ಟಿಗೆ ಅದು ನಿಜ. ಆದರೆ ಡೇಟಾ ಮತ್ತು ಫಿನ್ (ಇನ್ನು ಕಳಿಸುವುದಿಲ್ಲ, ಮುಚ್ಚುತ್ತಿದ್ದೇನೆ ಅನ್ನುವ ಟಿಸಿಪಿ ಸೂಚನೆ) ಎರಡೂ ನೀವು ಏಳುವ ಮೊದಲೇ ಬಂದು ಕೂತಿದ್ದರೆ? ಬರುವುದು ಒಂದೇ ಈವೆಂಟ್. ನೀವು ಓದುತ್ತೀರಿ, ಕಡಿಮೆ ಬಂತು, ಸರಿ ಖಾಲಿಯಾಯಿತು ಅಂತ ಮಲಗುತ್ತೀರಿ. ಆ ಕಡೆಯವರು ಮುಚ್ಚಿದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಸಾಕೆಟ್ ಕ್ಲೋಸ್ ವೇಟ್ ಸ್ಥಿತಿಯಲ್ಲಿ ಕೊಳೆಯುತ್ತದೆ. ಟೆಸ್ಟ್ ಸುಲಭ: 10 ಬೈಟ್ ಬರೆದು, ಶಟ್‌ಡೌನ್ ಮಾಡಿ, ಆಮೇಲೆ ಲೂಪ್ ಓಡಿಸಿ. ಡೇಟಾ ಕಾಲ್‌ಬ್ಯಾಕ್ ಆದ ಮೇಲೆ ಕ್ಲೋಸ್ ಕಾಲ್‌ಬ್ಯಾಕ್ ಒಂದೇ ಒಂದು ಸಲ ಬರಬೇಕು. ಪರಿಹಾರ ಎರಡು ಇವೆ. ಯಾವಾಗಲೂ ಈ-ಎಗೇನ್ ಅಥವಾ ಸೊನ್ನೆ (ಆ ಕಡೆಯವರು ಮುಚ್ಚಿದ್ದಾರೆ ಅಂತ ಅರ್ಥ) ಬರುವ ತನಕ ಓದಿ. ಇಲ್ಲವೇ ಲಿನಕ್ಸ್ 2.6.17ರಿಂದ ಇರುವ ಆರ್‌ಡಿಹಪ್ (EPOLLRDHUP, ಆ ಕಡೆಯವರು ಮುಚ್ಚಿದರು ಅನ್ನುವ) ಫ್ಲ್ಯಾಗ್ ಕೇಳಿಕೊಂಡು, ಅದು ಬಂದಿದ್ದರೆ ಕಡಿಮೆ ಬಂದರೂ ನಿಲ್ಲಿಸದೇ ಓದಿ. ನಿಮ್ಮ ಪೆಟ್ಟಿಗೆಯ ಟ್ರಾಫಿಕ್‌ಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಒಂದು ಸಿಸ್ಟಮ್ ಕಾಲ್ ಜಾಸ್ತಿ ಆದರೆ ಏನೂ ಹೋಗುವುದಿಲ್ಲ.

ಈ-ಎಗೇನ್ ತನಕ ಓದಿ ಅಂದ ಕೂಡಲೇ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. ಒಂದು ಕನೆಕ್ಷನ್ ಬಿಡದೇ ಡೇಟಾ ಸುರಿಯುತ್ತಿದ್ದರೆ ಲೂಪ್ ಅಲ್ಲೇ ಸಿಕ್ಕಿಕೊಂಡು ಉಳಿದವರು ಕಾಯಬೇಕಾಗುತ್ತದೆ. ಅದಕ್ಕೆ ಒಂದು ಸರದಿಗೆ ಇಷ್ಟೇ ಬೈಟ್ ಅಂತ ಮಿತಿ ಹಾಕುತ್ತಾರೆ, ಹಾಕಬೇಕು ಕೂಡ. ಆದರೆ ಮಿತಿ ಮುಗಿದು ಬಿಟ್ಟುಬಂದ ಸಾಕೆಟ್ ಬಗ್ಗೆ, ಹೊಸ ಡೇಟಾ ಬರದಿದ್ದರೆ, ಕರ್ನಲ್ ಮತ್ತೆ ಹೇಳುವುದಿಲ್ಲ, ಅದನ್ನು ಲೈಬ್ರರಿ ತನ್ನದೇ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಮತ್ತು ಆ ಪಟ್ಟಿಯಲ್ಲಿ ಒಂದಾದರೂ ಹೆಸರು ಇರುವ ತನಕ ಇಪೋಲ್ ವೇಟ್‌ಗೆ ಟೈಮ್‌ಔಟ್ ಸೊನ್ನೆ ಕೊಡಬೇಕು, ಇಲ್ಲದಿದ್ದರೆ ಪಟ್ಟಿ ಇದ್ದೂ ಪ್ರಯೋಜನ ಇಲ್ಲ. ಪಟ್ಟಿ ಇಟ್ಟು ಟೈಮ್‌ಔಟ್ ಮರೆಯುವ ತಪ್ಪು ಬಹಳ ಸಾಮಾನ್ಯ. ನಿಮ್ಮ ಪತ್ರದಲ್ಲಿ ಒಂದು ಸರದಿಗೆ 16 ಕೆಬಿ ಮಿತಿ ಇದೆ ಅಂತ ಬರೆದಿದ್ದೀರಲ್ಲ, ನನಗೆ ಮೊದಲ ಅನುಮಾನ ಇದರ ಮೇಲೇ. ಸಾಮಾನ್ಯ ದಿನದ ರೀಡಿಂಗ್ ಅಷ್ಟು ಬರುವುದಿಲ್ಲ. ಸಿಗ್ನಲ್ ವಾಪಸ್ ಬಂದಾಗ ಮಾತ್ರ ಆ ಮಿತಿ ದಾಟುತ್ತದೆ. ಎರಡು ಸಾಕೆಟ್‌ಪೇರ್ ತೆಗೆದುಕೊಳ್ಳಿ, ಒಂದಕ್ಕೆ 64 ಕೆಬಿ, ಇನ್ನೊಂದಕ್ಕೆ 1 ಬೈಟ್. 1 ಬೈಟ್‌ನ ಕಾಲ್‌ಬ್ಯಾಕ್ 64 ಕೆಬಿ ಪೂರ್ತಿ ಮುಗಿಯುವ ಮೊದಲೇ ಬರಬೇಕು, ಮತ್ತು 64 ಕೆಬಿಯೂ ಪೂರ್ತಿ ಬರಬೇಕು. ಎರಡನ್ನೂ ಒಂದೇ ಟೆಸ್ಟ್‌ನಲ್ಲಿ ನೋಡಿ.

ಬರೆಯುವ ಕಡೆ ಇನ್ನೂ ಸೂಕ್ಷ್ಮ. ಸಾಕೆಟ್‌ಗೆ ಈಗ ಬರೆಯಬಹುದು ಅನ್ನುವ ಔಟ್ ಈವೆಂಟ್ ಯಾವಾಗ ಬರುತ್ತದೆ? ಸೇರಿಸಿದ ಕೂಡಲೇ ಒಂದು ಸಲ. ಆಮೇಲೆ ನೀವು ಬರೆಯುತ್ತಾ ಬಫರ್ ತುಂಬಿ ಈ-ಎಗೇನ್ ಬಂದು, ಮತ್ತೆ ಜಾಗ ಆದಾಗ. ಈ-ಎಗೇನ್ ಬರದೇ ಇದ್ದರೆ ಜಾಗ ಆಯಿತು ಅಂತ ಕರ್ನಲ್ ತಾನಾಗಿ ಬಂದು ಹೇಳುತ್ತದೆ ಅಂತ ನಂಬುವಂತಿಲ್ಲ. ಆದ್ದರಿಂದ ಒಂದು ಟೆಸ್ಟ್: ಸಾಕೆಟ್ ಸೇರಿಸಿ, ಮೊದಲ ಔಟ್ ಈವೆಂಟ್ ಬಂದು ಹೋಗಲಿ, ಆಗ ಬರೆಯಲು ಏನೂ ಇಲ್ಲದಿರಲಿ. ಸ್ವಲ್ಪ ಹೊತ್ತಾದ ಮೇಲೆ ಅಪ್ಲಿಕೇಶನ್ ಒಂದು ಮೆಸೇಜ್ ಕಳಿಸು ಅನ್ನಲಿ. ಲೈಬ್ರರಿ ಔಟ್ ಈವೆಂಟ್‌ಗೆ ಕಾಯುತ್ತಾ ಕೂತರೆ ಆ ಮೆಸೇಜ್ ಹೊರಗೆ ಹೋಗುವುದೇ ಇಲ್ಲ. ಮೊದಲು ಬರೆದು ನೋಡಬೇಕು, ಈ-ಎಗೇನ್ ಬಂದರೆ ಮಾತ್ರ ಕಾಯಬೇಕು. ಸಾಕೆಟ್‌ನ ನೋಂದಣಿ ಬದಲಿಸುವ ಇಪೋಲ್‌ನ ಮಾಡ್ ಕರೆ ಮತ್ತೊಮ್ಮೆ ಸ್ಥಿತಿ ನೋಡಿ ಈವೆಂಟ್ ಕೊಡುತ್ತದೆ ಅನ್ನುವುದು ನಿಜ, ಆದರೆ ಪ್ರತಿ ಮೆಸೇಜ್‌ಗೂ ಅದನ್ನು ಕರೆಯುವುದಾದರೆ ಎಡ್ಜ್ ಟ್ರಿಗರ್ ಇಟ್ಟುಕೊಂಡು ಏನು ಲಾಭ ಅಲ್ವಾ?

ಬಫರ್ ತುಂಬಿಸುವ ಟೆಸ್ಟ್‌ನಲ್ಲಿ ಜನ ಸಿಕ್ಕಿಕೊಳ್ಳುವ ಜಾಗ ಒಂದಿದೆ. ಈ-ಎಗೇನ್ ಬರುವ ತನಕ ಬರೆದು, ಆ ತುದಿಯಿಂದ ಒಂದು ಬೈಟ್ ಓದಿ, ಔಟ್ ಈವೆಂಟ್ ಬರಲಿ ಅಂತ ಕಾಯುತ್ತಾರೆ. ಬರುವುದಿಲ್ಲ, ಲೈಬ್ರರಿಯಲ್ಲಿ ತಪ್ಪಿದೆ ಅಂತ ಹುಡುಕುತ್ತಾ ದಿನ ಕಳೆಯುತ್ತಾರೆ. ಟಿಸಿಪಿಯಲ್ಲಿ ಖಾಲಿ ಜಾಗ, ಇನ್ನೂ ಕ್ಯೂನಲ್ಲಿರುವುದರ ಅರ್ಧದಷ್ಟಾದರೂ ಆಗುವ ತನಕ ಕರ್ನಲ್ ಎಬ್ಬಿಸುವುದಿಲ್ಲ, ಅಂದರೆ ಬಫರ್‌ನ ಸುಮಾರು ಮೂರನೇ ಒಂದು ಪಾಲು ಖಾಲಿ ಇರಬೇಕು. ಯುನಿಕ್ಸ್ ಸಾಕೆಟ್‌ನಲ್ಲಿ ನಿಯಮ ಇನ್ನೂ ಬಿಗಿ, ತುಂಬಿರುವುದು ಕಾಲು ಭಾಗಕ್ಕೆ ಇಳಿಯಬೇಕು. ಅದರ ಮೇಲೆ ಟಿಸಿಪಿಯಲ್ಲಿ ಆ ತುದಿಯವರು ಸ್ವಲ್ಪ ಸ್ವಲ್ಪವೇ ಓದಿದರೆ ವಿಂಡೋ (ಇನ್ನೆಷ್ಟು ಕಳಿಸಬಹುದು ಅಂತ ಆ ತುದಿ ಕೊಡುವ ಅನುಮತಿ) ತೆರೆಯುವುದೂ ತಡ. ಹಾಗಾಗಿ ಟೆಸ್ಟ್‌ನಲ್ಲಿ ಆ ತುದಿಯನ್ನು ಪೂರ್ತಿ ಖಾಲಿ ಮಾಡಿ, ಆಮೇಲೆ ಔಟ್ ಈವೆಂಟ್ ಕೇಳಿ. ಬಫರ್ ಚಿಕ್ಕದು ಮಾಡಲು ಸೆಂಡ್ ಬಫರ್ ಆಪ್ಷನ್ ಕೊಡುತ್ತೀರಾದರೆ, ನೀವು ಕೊಟ್ಟ ಸಂಖ್ಯೆಯನ್ನು ಕರ್ನಲ್ ಎರಡರಷ್ಟು ಮಾಡಿಕೊಳ್ಳುತ್ತದೆ ಅನ್ನುವುದು ಗೊತ್ತಿರಲಿ. ಇಷ್ಟು ಬೈಟ್‌ಗೆ ಸರಿಯಾಗಿ ತುಂಬುತ್ತದೆ ಅಂತ ಟೆಸ್ಟ್‌ನಲ್ಲಿ ಬರೆಯಬೇಡಿ, ಈ-ಎಗೇನ್ ಬರುವ ತನಕ ಅಂತ ಬರೆಯಿರಿ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು. ಇನ್ (ಓದಲು ಡೇಟಾ ಇದೆ) ಮತ್ತು ಔಟ್ ಎರಡಕ್ಕೂ ಕೇಳಿಕೊಂಡಿದ್ದರೆ, ಡೇಟಾ ಬಂದಾಗ, ಬರೆಯಲು ಜಾಗವೂ ಇದ್ದರೆ, ಇನ್ ಜೊತೆಗೆ ಔಟ್ ಕೂಡ ಬರುತ್ತದೆ, ಯಾಕೆಂದರೆ ವರದಿ ಮಾಡುವ ಹೊತ್ತಿಗೆ ಇಪೋಲ್ ಸಾಕೆಟ್‌ನ ಪೂರ್ತಿ ಸ್ಥಿತಿ ನೋಡಿ ಹೇಳುತ್ತದೆ. ಈವೆಂಟ್ ಇನ್‌ಗೆ ಸಮ ಇರಬೇಕು ಅಂತ ಬರೆದ ಟೆಸ್ಟ್ ಇದರಿಂದಲೇ ಬೀಳುತ್ತದೆ. ಇನ್ ಬಿಟ್ ಇದೆಯಾ ಅಂತ ಮಾತ್ರ ನೋಡಿ.

ಹೊಸ ಕನೆಕ್ಷನ್‌ಗಾಗಿ ಲಿಸನ್ ಮಾಡುವ ಸಾಕೆಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿಯಮ ಅದೇ. ಮೂರು ಕನೆಕ್ಷನ್ ಮೊದಲೇ ಮಾಡಿಟ್ಟು ಆಮೇಲೆ ಲೂಪ್ ಓಡಿಸಿ, ಮೂರೂ ಅಕ್ಸೆಪ್ಟ್ ಆಗಬೇಕು. ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್, ಸಾಕೆಟ್‌ಗಳಿಗೆ ಕರ್ನಲ್ ಕೊಡುವ ಸಂಖ್ಯೆ) ಮುಗಿದು ಅಕ್ಸೆಪ್ಟ್ ಈ-ಎಮ್‌ಫೈಲ್ ಎರರ್ ಕೊಟ್ಟಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಕನೆಕ್ಷನ್ ಕ್ಯೂನಲ್ಲೇ ಉಳಿಯುತ್ತದೆ, ಈವೆಂಟ್ ಖರ್ಚಾಗಿರುತ್ತದೆ. ಟೆಸ್ಟ್‌ನಲ್ಲಿ ಆರ್‌ಲಿಮಿಟ್ (ಡಿಸ್ಕ್ರಿಪ್ಟರ್‌ಗಳ ಮಿತಿ) ಇಳಿಸಿ ಈ ಎರರ್ ಬರಿಸಿ, ಒಂದು ಡಿಸ್ಕ್ರಿಪ್ಟರ್ ಮುಚ್ಚಿ, ಹೊಸ ಕನೆಕ್ಷನ್ ಯಾವುದೂ ಬರದೇ ಹಳೆಯದು ಅಕ್ಸೆಪ್ಟ್ ಆಗುತ್ತದಾ ನೋಡಿ.

ಈಗ ಬರದಿರುವುದನ್ನು ಟೆಸ್ಟ್ ಮಾಡುವ ವಿಚಾರ. ಈವೆಂಟ್ ಬರಲಿಲ್ಲ ಅಂತ ತೋರಿಸಲು ನಿಮ್ಮ ಟೆಸ್ಟ್ 100 ಮಿಲಿಸೆಕೆಂಡ್ ಮಲಗುತ್ತದೆ ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ. ಲೋಡ್ ಜಾಸ್ತಿ ಇರುವ ಮೆಷಿನ್‌ನಲ್ಲಿ 100 ಸಾಲದು, ಖಾಲಿ ಮೆಷಿನ್‌ನಲ್ಲಿ ಸುಮ್ನೆ ದಂಡ. ಅದರ ಬದಲು ಒಂದು ಈವೆಂಟ್‌ಎಫ್‌ಡಿ (ಅದಕ್ಕೆ ಬರೆದರೆ ಈವೆಂಟ್ ಬರುವ ಪುಟ್ಟ ಗಂಟೆ) ಕೂಡ ಅದೇ ಇಪೋಲ್‌ಗೆ ಸೇರಿಸಿ. ಸಾಕೆಟ್ ಮೇಲಿನ ಕೆಲಸ ಮುಗಿದ ಮೇಲೆ ಅದಕ್ಕೆ ಬರೆಯಿರಿ. ಲೂಪ್ ಓಡಿಸಿ, ಈವೆಂಟ್‌ಎಫ್‌ಡಿ ಸುದ್ದಿ ಬಂತು, ಸಾಕೆಟ್ ಸುದ್ದಿ ಬರಲಿಲ್ಲ ಅಂದರೆ ಸಾಬೀತಾಯಿತು. ಇದನ್ನು ಯುನಿಕ್ಸ್ ಸಾಕೆಟ್‌ಪೇರ್ ಮೇಲೆ ಮಾಡಿ. ಅಲ್ಲಿ ರೈಟ್ ವಾಪಸ್ ಬರುವ ಹೊತ್ತಿಗೆ ಡೇಟಾ ಆ ತುದಿಯ ಕ್ಯೂನಲ್ಲಿರುತ್ತದೆ, ಎಬ್ಬಿಸುವ ಕೆಲಸವೂ ಮುಗಿದಿರುತ್ತದೆ. ಟಿಸಿಪಿ ಲೂಪ್‌ಬ್ಯಾಕ್‌ನಲ್ಲಿ ಸಾಮಾನ್ಯವಾಗಿ ಹಾಗೇ ಆದರೂ, ಕೆಲವೊಮ್ಮೆ ಆ ಕೆಲಸ ಕರ್ನಲ್‌ನ ಬೇರೆ ಥ್ರೆಡ್‌ಗೆ ಹೋಗಿ ತಡವಾಗಬಹುದು. ಬರಲೇಬೇಕಾದ ಈವೆಂಟ್‌ಗೆ ಮಾತ್ರ ಉದಾರವಾಗಿ 10 ಸೆಕೆಂಡ್ ಟೈಮ್‌ಔಟ್ ಕೊಡಿ. ಎಲ್ಲ ಸರಿ ಇದ್ದರೆ ಅದು ಕಾಯುವುದೇ ಇಲ್ಲವಲ್ಲ.

ನಿಜವಾದ ಸಾಕೆಟ್‌ನಿಂದ ಎಲ್ಲ ಸ್ಥಿತಿ ಬರಿಸಲು ಆಗುವುದಿಲ್ಲ. ರೀಡ್, ರೈಟ್, ಇಪೋಲ್ ವೇಟ್ ಕರೆಗಳನ್ನು ಫಂಕ್ಷನ್ ಪಾಯಿಂಟರ್ ಮೂಲಕ ಕರೆಯುವಂತೆ ಮಾಡಿಕೊಂಡು, ಟೆಸ್ಟ್‌ನಲ್ಲಿ ನಿಮ್ಮದೇ ಪುಟ್ಟ ನಕಲಿ ಕರ್ನಲ್ ಕೊಡಿ. ಅದು ಕೆಲವೊಮ್ಮೆ ಒಂದೇ ಬೈಟ್ ಕೊಡಲಿ, ಈ-ಇಂಟರ್ (ಮಧ್ಯೆ ಅಡ್ಡಿ ಬಂದು ಕರೆ ನಿಂತಿತು ಅನ್ನುವ ಎರರ್) ಕೊಡಲಿ, ಡೇಟಾ ಇಲ್ಲದೇ ಈವೆಂಟ್ ಕೊಡಲಿ. ಆದರೆ ಒಂದು ವಿಷಯದಲ್ಲಿ ನಿಜವಾದ ಕರ್ನಲ್‌ಗಿಂತ ಕಟುವಾಗಿರಲಿ: ಈ-ಎಗೇನ್ ಕೊಡುವ ತನಕ ಆ ಸಾಕೆಟ್‌ಗೆ ಎರಡನೇ ಈವೆಂಟ್ ಕೊಡಲೇಬಾರದು, ಹೊಸ ಡೇಟಾ ಬಂದರೂ. ಆಗ ಮುಂದಿನ ಪ್ಯಾಕೆಟ್ ಕಾಪಾಡುವ ದಾರಿ ಮುಚ್ಚುತ್ತದೆ, ಮೇಲೆ ಹೇಳಿದ ತಪ್ಪುಗಳಲ್ಲಿ ಬಹುಪಾಲು ತಾವಾಗಿ ಹೊರಗೆ ಬರುತ್ತವೆ. ಕ್ರಮವನ್ನು ರ್‍ಯಾಂಡಮ್ ಮಾಡಿ, ಅದೇ ಕ್ರಮವನ್ನು ಮತ್ತೆ ತರಿಸುವ ಸಂಖ್ಯೆಯಾದ ಸೀಡ್ ಅನ್ನು ಪ್ರಿಂಟ್ ಮಾಡಿ, ಬಿದ್ದ ಸೀಡ್ ಅನ್ನು ಟೆಸ್ಟ್ ಆಗಿ ಉಳಿಸಿಕೊಳ್ಳಿ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು.

ಈವೆಂಟ್ ಪಡೆಯುವ ಥ್ರೆಡ್ ಒಂದು, ಓದುವ ಥ್ರೆಡ್ ಇನ್ನೊಂದು ಇದ್ದರೆ ಮತ್ತೊಂದು ಕಿಂಡಿ ಉಂಟು. ಓದುವವರಿಗೆ ಈ-ಎಗೇನ್ ಬಂತು. ಸಿದ್ಧ ಅನ್ನುವ ಗುರುತನ್ನು ಅವರು ಅಳಿಸುವ ಮೊದಲು ಹೊಸ ಈವೆಂಟ್ ಬಂದು ಅದೇ ಗುರುತು ಹಾಕಿತು. ಈಗ ಅಳಿಸಿದರೆ ಹೊಸದೂ ಅಳಿಸಿಹೋಯಿತು. ಗುರುತಿನ ಜೊತೆ ಒಂದು ಸಂಖ್ಯೆ ಇಟ್ಟು, ಓದುವ ಮೊದಲು ನೋಡಿದ ಸಂಖ್ಯೆ ಈಗಲೂ ಅದೇ ಇದ್ದರೆ ಮಾತ್ರ ಅಳಿಸಬೇಕು. ಟೋಕಿಯೋ ಮಾಡುವುದು ಹೀಗೆಯೇ. ನಕಲಿ ಕರ್ನಲ್ ಇದ್ದರೆ ಇದನ್ನೂ ಹಿಡಿಯಬಹುದು, ರೀಡ್ ಈ-ಎಗೇನ್ ಕೊಟ್ಟು ವಾಪಸ್ ಬರುವ ಮುನ್ನವೇ ಈವೆಂಟ್ ಹಾಕಿಬಿಡಿ.

ಕೊನೆಗೆ ಗುಡ್ಡದ ನೆಟ್‌ವರ್ಕ್ ಅನ್ನು ಆಫೀಸಿಗೆ ತನ್ನಿ. ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಮೆಷಿನ್ ಒಳಗಿನ ಪ್ರತ್ಯೇಕ ನೆಟ್‌ವರ್ಕ್) ಮಾಡಿ, ಕೆಟ್ಟ ನೆಟ್‌ವರ್ಕ್ ಅನುಕರಿಸುವ ಟಿಸಿ ಕಮಾಂಡ್‌ನ ನೆಟ್‌ಎಮ್‌ನಿಂದ ತಡ ಹಾಕಿ, ಸ್ವಲ್ಪ ಪ್ಯಾಕೆಟ್ ಕಳೆಯಿರಿ, ಕೆಲವು ಸೆಕೆಂಡ್ ಲಿಂಕ್ ಪೂರ್ತಿ ನಿಲ್ಲಿಸಿ ಮತ್ತೆ ಬಿಡಿ. ಇದು ರಾತ್ರಿಯಿಡೀ ಓಡಲಿ. ಆದರೆ ಇದನ್ನೇ ನೆಚ್ಚಿಕೊಳ್ಳಬೇಡಿ, ಇಲ್ಲಿ ಬಿದ್ದದ್ದು ಮತ್ತೆ ಬೀಳುತ್ತದೆ ಅನ್ನುವ ಖಾತ್ರಿ ಇಲ್ಲ. ಬಿದ್ದದ್ದನ್ನು ಅರ್ಥ ಮಾಡಿಕೊಂಡು ಸಾಕೆಟ್‌ಪೇರ್‌ನ ಪುಟ್ಟ ಟೆಸ್ಟ್ ಆಗಿ ಬರೆದರೆ ಮಾತ್ರ ಅದು ಉಳಿಯುತ್ತದೆ.

ಇವತ್ತು ಒಂದೇ ಟೆಸ್ಟ್ ಬರೆಯಲು ಸಮಯ ಇದ್ದರೆ, 16 ಕೆಬಿ ಮಿತಿಯ ಆ ಎರಡು ಸಾಕೆಟ್‌ನ ಟೆಸ್ಟ್ ಬರೆಯಿರಿ. ಅದು ಪಾಸ್ ಆದರೆ ಎರಡನೆಯದು ಡೇಟಾ ಮತ್ತು ಶಟ್‌ಡೌನ್ ಒಟ್ಟಿಗೆ ಬರುವುದು. ಎರಡೂ ಪಾಸ್ ಆಗಿ ಗುಡ್ಡದ ಮೇಲೆ ಇನ್ನೂ ತೊಂದರೆ ಇದ್ದರೆ, ಎಸ್‌ಎಸ್ ಮತ್ತು ಸ್ಟ್ರೇಸ್‌ನ ಔಟ್‌ಪುಟ್, ಗೇಟ್‌ವೇಯ ಕರ್ನಲ್ ಸಂಖ್ಯೆ ಕಳಿಸಿ. ಇಲ್ಲವೇ ಒಂದು ಪೆಟ್ಟಿಗೆಯನ್ನೇ ಹಿಡಿದುಕೊಂಡು ದಾವಣಗೆರೆಗೆ ಬಂದುಬಿಡಿ, ಕೂತು ನೋಡೋಣ.